ಮರದ ಬೇಲಿ, ಮನೆಗಳ ಸಾಲು, ಕಲ್ಲಿನ ಗೋಡೆ: ಏಜ್ ಆಫ್ ಎಂಪೈರ್ಸ್‌ನಲ್ಲಿ ಮೂರನ್ನೂ ಕಟ್ಟಿ ನೋಡಿದೆ

ಭಾನುವಾರ ರಾತ್ರಿ ಊಟ ಮುಗಿದ ಮೇಲೆ ನಾನು ಮತ್ತು ನನ್ನ ತಮ್ಮ ಆನ್‌ಲೈನ್‌ನಲ್ಲಿ ಏಜ್ ಆಫ್ ಎಂಪೈರ್ಸ್ 2 ಆಡುತ್ತೇವೆ. ಊರು ಕಟ್ಟಿ, ಸೈನ್ಯ ಬೆಳೆಸಿ ಎದುರಾಳಿಯನ್ನು ಸೋಲಿಸುವ ಕಂಪ್ಯೂಟರ್ ಆಟ ಅದು. ಡಾರ್ಕ್, ಫ್ಯೂಡಲ್, ಕ್ಯಾಸಲ್ ಅಂತ ಒಂದೊಂದೇ ಯುಗ ದಾಟುತ್ತಾ ಹೋಗಬೇಕು. ಅವನದು ಯಾವಾಗಲೂ ಒಂದೇ ದಾರಿ. ಫ್ಯೂಡಲ್ ಏಜ್‌ಗೆ ಬಂದ ಕೂಡಲೇ ಸ್ಕೌಟ್ ಕುದುರೆಗಳನ್ನು ಕಳಿಸಿ ನನ್ನ ವಿಲೇಜರ್‌ಗಳ, ಅಂದರೆ ದುಡಿಯುವ ಊರಿನವರ, ಮೇಲೆ ಬೀಳುತ್ತಾನೆ. ಮರ ಕಡಿಯುವ ನಾಲ್ಕು ಜನ ಸತ್ತರೆ ಆಟ ಅಲ್ಲಿಗೇ ವಾಲುತ್ತದೆ. ಹಾಗಾಗಿ ಈ ಸಲ ಗೋಡೆಯ ವಿಷಯವನ್ನು ಗಟ್ಟಿಯಾಗಿ ಹಿಡಿದೆ. ಅದೇ ಅರೇಬಿಯಾ ಎಂಬ ಬಯಲು ಮ್ಯಾಪು, ಅದೇ ತಮ್ಮ. ಒಂದೊಂದು ವಾರ ಒಂದೊಂದು ರೀತಿಯ ಗೋಡೆ.

ಮೊದಲು ಕಲ್ಲಿನ ಗೋಡೆ. ಎಲ್ಲರಿಗೂ ಮೊದಲು ಬರುವ ಆಸೆ ಅದೇ ಅಲ್ವಾ? ಅಂಕಿ ನೋಡಿದರೆ ಆಸೆಯಾಗುವುದು ಸಹಜ. ಎರಡನೇ ಆಟದ 1999ರ ಮೂಲ ರೂಪದಲ್ಲಿ ಮರದ ಬೇಲಿಗೆ, ಅಂದರೆ ಪ್ಯಾಲಿಸೇಡ್‌ಗೆ, 250 ಹಿಟ್ ಪಾಯಿಂಟ್, ಅಂದರೆ ಬೀಳುವ ಮುಂಚೆ ತಡೆದುಕೊಳ್ಳುವ ಪೆಟ್ಟಿನ ಲೆಕ್ಕ. ಕಲ್ಲಿನ ಗೋಡೆಗೆ 1800. ಮುಂದೆ ಅದನ್ನು ಇನ್ನೂ ಗಟ್ಟಿ ಮಾಡಿದರೆ (ಫೋರ್ಟಿಫೈಡ್) 3000. ಆದರೆ ಕಲ್ಲಿನ ಗೋಡೆ ಫ್ಯೂಡಲ್ ಏಜ್‌ಗೆ ಮುಂಚೆ ಸಿಗುವುದಿಲ್ಲ. ತುಂಡೊಂದಕ್ಕೆ 5 ಕಲ್ಲು. ಆಟ ಶುರುವಾಗುವಾಗ ಕೈಯಲ್ಲಿರುವುದು 200 ಕಲ್ಲು, ಅಂದರೆ 40 ತುಂಡು. ಅಷ್ಟನ್ನೂ ಗೋಡೆಗೆ ಸುರಿದರೆ ಮುಂದೆ ಇನ್ನೊಂದು ಟೌನ್ ಸೆಂಟರ್‌ಗೆ (ವಿಲೇಜರ್‌ಗಳು ಹೊರಬರುವ ಊರಿನ ಮುಖ್ಯ ಕಟ್ಟಡ) ಬೇಕಾದ 100 ಕಲ್ಲು ಎಲ್ಲಿಂದ ತರೋದು? ಕೋಟೆಗಂತೂ 650 ಬೇಕು.

ನಾನು ಸುರಿದೆ. ಗೋಡೆ ಮುಗಿಯಲು ಇನ್ನೂ ಏಳೆಂಟು ತುಂಡು ಬಾಕಿ ಇರುವಾಗಲೇ ತಮ್ಮನ ಕುದುರೆಗಳು ಆ ಸಂದಿಯಲ್ಲಿ ನುಗ್ಗಿದವು. ಕಲ್ಲಿನ ಗೋಡೆ ಗಟ್ಟಿ, ನಿಜ. ಆದರೆ ಏಳುವುದು ನಿಧಾನ. ಅರ್ಧ ಎದ್ದ ಗೋಡೆಯನ್ನು ಯಾರೂ ಒಡೆಯಬೇಕಾಗಿಯೇ ಇಲ್ಲ, ಸುಮ್ನೆ ಸುತ್ತಿ ಬಂದರೆ ಸಾಕು.

ಎರಡನೇ ವಾರ ಮರದ ಬೇಲಿ. ಇದು ಡಾರ್ಕ್ ಏಜ್‌ನಿಂದಲೇ ಸಿಗುತ್ತದೆ. ಮೂಲ ಆಟದಲ್ಲಿ ತುಂಡಿಗೆ 2 ಕಟ್ಟಿಗೆ ಅಷ್ಟೇ. ಒಬ್ಬ ವಿಲೇಜರ್‌ನನ್ನು ಕಳಿಸಿ ಕಾಡಿನಿಂದ ಕಾಡಿಗೆ ಗೆರೆ ಎಳೆದರೆ ಟಕಟಕ ಅಂತ ಕಟ್ಟಿಕೊಂಡು ಹೋಗುತ್ತಾನೆ. ತಮ್ಮನ ಕುದುರೆಗಳು ಬಂದಾಗ ಬೇಲಿ ಮುಗಿದಿತ್ತು. ಅವು ಹೊರಗೆ ಅತ್ತಿಂದಿತ್ತ ಓಡಾಡಿ, ಕೊನೆಗೆ ಒಂದು ತುಂಡನ್ನು ಒಡೆಯಲು ನಿಂತವು. ಅದು ಬೀಳುವಷ್ಟರಲ್ಲಿ ಅದರ ಹಿಂದೆಯೇ ಇನ್ನೊಂದು ತುಂಡು ಹಾಕಿದೆ. ಅದನ್ನು ಒಡೆಯುವ ಹೊತ್ತಿಗೆ ನನ್ನ ಮೊದಲ ಭರ್ಜಿಯವರು ಹೊರಗೆ ಬಂದಿದ್ದರು. ಫೋನ್‌ನಲ್ಲಿ ತಮ್ಮ, "ಅಕ್ಕಾ, ಇದೇನು ಈರುಳ್ಳಿ ಸಿಪ್ಪೆ ಥರ ಪದರ ಪದರ ಮಾಡಿದ್ದೀಯಾ?" ಅಂದ. ಆ ವಾರದ ಆಟ ನನ್ನದೇ.

ಬೇಲಿ ಯಾವುದರ ಮುಂದೆ ನಿಲ್ಲುತ್ತದೆ, ಯಾವುದರ ಮುಂದೆ ನಿಲ್ಲುವುದಿಲ್ಲ ಅನ್ನುವುದು ಇಲ್ಲಿ ಮುಖ್ಯ. ಬಿಲ್ಲುಗಾರರ ಬಾಣ ಬೇಲಿಗೆ ತಾಗಿದರೂ ಹೆಚ್ಚೇನೂ ಆಗದು. ಕುದುರೆಯವರಿಗೆ ಹೊತ್ತು ಹಿಡಿಯುತ್ತದೆ. ಆದರೆ ಕತ್ತಿ ಹಿಡಿದ ಮ್ಯಾನ್-ಅಟ್-ಆರ್ಮ್ಸ್ ಮೂರು ಜನ ಬಂದು ನಿಂತರೆ ಬೇಲಿ ಬೇಗ ಹೋಗುತ್ತದೆ. ಎರಡನೇ ಆಟದ ಹೊಸ ಆವೃತ್ತಿಯಾದ ಡೆಫಿನಿಟಿವ್ ಎಡಿಶನ್‌ನಲ್ಲಿ ಡಾರ್ಕ್ ಏಜ್ ಬೇಲಿ ಇನ್ನೂ ಮೆತ್ತಗಿರುವುದರಿಂದ ಎದುರಾಳಿ ಕಾಲಾಳುಗಳನ್ನು ಮಾಡುತ್ತಿದ್ದಾನಾ ಅಂತ ಮೊದಲೇ ಹೋಗಿ ನೋಡಿ ಬರಬೇಕು.

ಕಾಡನ್ನೇ ಗೋಡೆ ಮಾಡಿಕೊಂಡವರು ಇನ್ನೊಂದು ವಿಷಯ ನೆನಪಿಡಬೇಕು. ಒಂದು ಮರದಲ್ಲಿ 100 ಕಟ್ಟಿಗೆ ಇರುತ್ತದೆ. ನಮ್ಮ ವಿಲೇಜರ್‌ಗಳು ದಿನವಿಡೀ ಕಡಿಯುವುದು ಅದೇ ಮರಗಳನ್ನು. ಕಾಡು ಒಂದೇ ಸಾಲು ದಪ್ಪ ಇರುವ ಕಡೆ ಕಡಿದು ಕಡಿದು ನಾವೇ ಕಿಂಡಿ ಮಾಡಿಬಿಡುತ್ತೇವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಒಂದು ಸಲ ಬೇಲಿ ಪೂರ್ತಿ ಗಟ್ಟಿಯಾಗಿದ್ದರೂ ತಮ್ಮನ ಕುದುರೆಗಳು ಒಳಗಿದ್ದವು. ಎಲ್ಲಿಂದ ಬಂದವು ಅಂತ ಹುಡುಕಿದರೆ ಮರ ಕಡಿಯುವವರ ಬೆನ್ನ ಹಿಂದೆಯೇ ದಾರಿ ತೆರೆದಿತ್ತು. ಅವತ್ತಿನಿಂದ ಮರದ ಸಾಲು ತೆಳುವಾಗಿರುವ ಕಡೆ ಒಳಗಡೆಯಿಂದ ನಾಲ್ಕು ತುಂಡು ಬೇಲಿ ಮೊದಲೇ ಹಾಕಿಡುತ್ತೇನೆ.

ಮನೆಗಳ ಸಾಲು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಮನೆಯೊಂದಕ್ಕೆ 25 ಕಟ್ಟಿಗೆ, ಅದರಿಂದ 5 ಜನಕ್ಕೆ ಜಾಗ. ಹೇಗೂ ಕಟ್ಟಲೇಬೇಕು. ಟೌನ್ ಸೆಂಟರ್ ಹಿಂದೆ ಗುಂಪಾಗಿ ಕಟ್ಟುವ ಬದಲು ಗಡಿಯಲ್ಲಿ ಸಾಲಾಗಿ ಕಟ್ಟಿದರೆ ಗೋಡೆ ಬಿಟ್ಟಿ ಸಿಕ್ಕಂತೆ. ಬೇಲಿಗಿಂತ ಗಟ್ಟಿಯೂ ಹೌದು. ಕಾಲಾಳುಗಳನ್ನು ತಯಾರಿಸುವ ಬ್ಯಾರಕ್ಸನ್ನೂ ಆ ಸಾಲಿಗೇ ಸೇರಿಸಿದೆ. ತೊಂದರೆ ಇಲ್ಲ ಅಂತಲ್ಲ. ಒಂದು ಮನೆ ಬಿದ್ದರೆ ಕಿಂಡಿ ಬೀಳುವುದರ ಜೊತೆಗೆ 5 ಜನರ ಜಾಗವೂ ಹೋಗುತ್ತದೆ. ಆಗ ಹೊಸ ವಿಲೇಜರ್ ಬರುವುದು ನಿಂತುಬಿಡುತ್ತದೆ. ದೂರದ ಗಡಿಗೆ ಮನೆ ಕಟ್ಟಲು ಹೋಗುವವನು ಒಂಟಿಯಾಗಿ ಸಿಕ್ಕಿಬೀಳುವುದೂ ಉಂಟು.

ಹಾಗೆ ಒಬ್ಬ ಸಿಕ್ಕಿಬಿದ್ದಾಗಲೇ ಕ್ವಿಕ್ ವಾಲಿಂಗ್, ಅಂದರೆ ಶತ್ರುವಿನ ಮುಂದೆ ಥಟ್ಟನೆ ಗೋಡೆ ಎಬ್ಬಿಸುವುದನ್ನು, ಕಲಿತದ್ದು. ಇಬ್ಬರು ಬಿಲ್ಲುಗಾರರು ಹಿಂದೆ ಬಿದ್ದಿದ್ದರು. ಎರಡು ಮನೆಗಳ ನಡುವಿನ ಸಂದಿಯಲ್ಲಿ ಅವನು ದಾಟಿದ. ಆ ಸಂದಿಯಲ್ಲಿ ಬೇಲಿಯ ಗುರುತು ಹಾಕಿ ಅವನನ್ನು ಅದರ ಮೇಲೆ ಕ್ಲಿಕ್ ಮಾಡಿದೆ. ಬರೀ ಗುರುತು ಇದ್ದರೆ ಯಾರು ಬೇಕಾದರೂ ದಾಟಬಹುದು. ಸುತ್ತಿಗೆಯ ಒಂದೇ ಒಂದು ಪೆಟ್ಟು ಬಿದ್ದರೆ ಸಾಕು, ದಾರಿ ಬಂದ್. ಆದರೆ ಆ ಜಾಗದಲ್ಲಿ ಶತ್ರು ಕಾಲಿಟ್ಟು ನಿಂತಿದ್ದರೆ ಕಟ್ಟಲು ಆಗುವುದೇ ಇಲ್ಲ. ಒಂದು ಹೆಜ್ಜೆ ಅಂತರದಲ್ಲಿ ಪೆಟ್ಟು ಬಿತ್ತು. ಬಿಲ್ಲುಗಾರರು ಅಲ್ಲೇ ನಿಂತು, ಸುತ್ತಿ ಬರುವ ದಾರಿ ಹುಡುಕಿದರು. ಅಷ್ಟರಲ್ಲಿ ವಿಲೇಜರ್ ಟೌನ್ ಸೆಂಟರ್ ಒಳಗೆ ಸೇರಿದ್ದ. ಆ ಕ್ಷಣದ ಖುಷಿಯೇ ಬೇರೆ.

ಗೇಟಿನ ಬಗ್ಗೆ ಒಂದು ಮಾತು. ಈ ಸರಣಿಯ ಮೊದಲ, 1997ರ ಆಟದಲ್ಲಿ ಗೇಟೇ ಇರಲಿಲ್ಲ. ಹೊರಗೆ ಹೋಗಬೇಕಾದರೆ ನಮ್ಮ ಗೋಡೆಯ ತುಂಡನ್ನು ನಾವೇ ಡಿಲೀಟ್ ಮಾಡಬೇಕಿತ್ತು. ಎರಡನೇ ಆಟದಲ್ಲಿ ಗೇಟ್ ತಾನಾಗಿ ತೆರೆಯುತ್ತದೆ. ನಮ್ಮವರು ದಾಟುವಾಗ ಹಿಂದೆಯೇ ಶತ್ರುವೂ ನುಸುಳಬಹುದು. ಗಲಾಟೆ ಶುರುವಾದ ತಕ್ಷಣ ಗೇಟಿಗೆ ಬೀಗ ಹಾಕಿ.

ಕ್ಯಾಸಲ್ ಏಜ್ ಬಂದಮೇಲೆ ಲೆಕ್ಕ ತಿರುಗುತ್ತದೆ. ಆಗ ಬೇಲಿಯ ಹಿಂದೆ, ಚಿನ್ನದ ಗಣಿಯ ಹತ್ತಿರ ಮಾತ್ರ ಕಲ್ಲಿನ ಗೋಡೆ ಎಬ್ಬಿಸುತ್ತೇನೆ. ಇಲ್ಲಿ ಕಲ್ಲು ತನ್ನ ಬೆಲೆ ತೋರಿಸುತ್ತದೆ. ಕುದುರೆ ಸವಾರರು ಅದನ್ನು ಒಡೆಯುತ್ತಾ ನಿಂತರೆ ಅವರ ಆಟವೇ ಹಿಂದೆ ಬೀಳುತ್ತದೆ. ರಾಮ್, ಅಂದರೆ ಗೋಡೆಗೆ ಗುದ್ದುವ ದಿಮ್ಮಿಯ ಯಂತ್ರ, ತರಲೇಬೇಕು. ಬಾಣಗಳಿಗೆ ರಾಮ್ ಕ್ಯಾರೇ ಅನ್ನುವುದಿಲ್ಲ, ಒಳಗೆ ಕಾಲಾಳುಗಳನ್ನು ಕೂರಿಸಿದರೆ ಇನ್ನೂ ಬೇಗ ಓಡುತ್ತದೆ. ಹಾಗಾಗಿ ಗೋಡೆಯ ಹಿಂದೆ ಬರೀ ಬಿಲ್ಲುಗಾರರನ್ನು ಇಟ್ಟುಕೊಂಡು ಕೂತರೆ ಕೆಲಸ ಕೆಡುತ್ತದೆ, ಕತ್ತಿಯವರು ಬೇಕೇ ಬೇಕು. 2022ರ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ಸೇರ್ಪಡೆ ಬಂದಮೇಲೆ ದ್ರವಿಡಿಯನ್ಸ್ ಎಂಬ ಪಡೆಯನ್ನು ತೆಗೆದುಕೊಂಡವರಿಗೆ ರಾಮ್ ಬದಲು ಕವಚ ತೊಟ್ಟ ಆನೆ ಸಿಗುತ್ತದೆ. ಆನೆ ಬಂದು ಗೋಡೆಗೆ ಗುದ್ದುವುದನ್ನು ನೋಡಲು ನನಗೆ ಬಹಳ ಇಷ್ಟ, ಅದು ನನ್ನ ಗೋಡೆಯೇ ಆದರೂ.

ಸರಣಿಯ ನಾಲ್ಕನೇ ಆಟವನ್ನೂ ಒಂದಷ್ಟು ದಿನ ಆಡಿದೆ. ಅದು 2021ರಲ್ಲಿ ಬಂದದ್ದು. ಅಲ್ಲಿ ಮರದ ಬೇಲಿಗೆ ಸೈನಿಕರು ಪಂಜು ಎಸೆದು ಬೆಂಕಿ ಹಚ್ಚುತ್ತಾರೆ. ಕಲ್ಲಿನ ಗೋಡೆಯನ್ನು ಮಾತ್ರ ಸಾಮಾನ್ಯ ಕಾಲಾಳುಗಳು ಮುಟ್ಟಲೂ ಆಗದು. ರಾಮ್ ಥರದ ಯಂತ್ರಗಳೇ ಬೇಕು, ಇಲ್ಲವೇ ಏಣಿಗೋಪುರ ತಂದು ಹತ್ತಬೇಕು. ನಮ್ಮ ಬಿಲ್ಲುಗಾರರು ಗೋಡೆಯ ಮೇಲೆ ನಿಲ್ಲಬಹುದು, ಅಲ್ಲಿ ಅವರಿಗೆ ಪೆಟ್ಟೂ ಕಡಿಮೆ. ಗೋಡೆ ಅಂದರೆ ಗೋಡೆ ಅನ್ನಿಸುವುದು ಅಲ್ಲೇ. ಆದರೂ ಬೇಲಿಯ ಒಂದೊಂದು ತುಂಡನ್ನೂ ಕೈಯಲ್ಲಿ ಜೋಡಿಸುತ್ತಾ ಕ್ಷಣ ಕ್ಷಣ ಗಳಿಸುವ ಎರಡನೇ ಆಟದ ಬಿಸಿ ನನಗೆ ಅಲ್ಲಿ ಸಿಗಲಿಲ್ಲ.

ಈಗ ಅರೇಬಿಯಾದಲ್ಲಿ ನನ್ನ ಕ್ರಮ ಹೀಗಿದೆ. ಮುಂದುಗಡೆ ಮನೆಗಳು ಮತ್ತು ಬ್ಯಾರಕ್ಸ್, ಸಂದಿಗಳಲ್ಲಿ ಮರದ ಬೇಲಿ, ಕಲ್ಲನ್ನು ಕ್ಯಾಸಲ್ ಏಜ್‌ವರೆಗೆ ಮುಟ್ಟುವುದಿಲ್ಲ. ತಮ್ಮ ಕಳೆದ ವಾರ ಸ್ಕೌಟ್ ಬಿಟ್ಟು ಮ್ಯಾನ್-ಅಟ್-ಆರ್ಮ್ಸ್ ಕಳಿಸಲು ಶುರುಮಾಡಿದ್ದಾನೆ. ಬರುವ ಭಾನುವಾರ ಬೇಲಿಯ ಹಿಂದೆ ಇಬ್ಬರು ಬಿಲ್ಲುಗಾರರನ್ನು ಮೊದಲೇ ನಿಲ್ಲಿಸಿ ನೋಡಬೇಕು.