ಎಕ್ಸ್‌ಎಫ್‌ಸಿಇ ಜೊತೆ ಎರಡು ವರ್ಷ: ಒತ್ತಕ್ಷರ ನುಂಗುವ ಟೈಟಲ್ ಬಾರ್

ನನ್ನ ಲ್ಯಾಪ್‌ಟಾಪ್‌ನಲ್ಲಿ ಅಕ್ಕ ಸುಮಾರು ಒಂದು ವರ್ಷ ‘ಅಕ’ ಆಗಿದ್ದಳು. ‘ಅಕ್ಕನ ಮದುವೆ’ ಫೋಲ್ಡರ್ ತೆರೆದರೆ ವಿಂಡೋ ತಲೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ, ಅಂದರೆ ಟೈಟಲ್ ಬಾರ್‌ನಲ್ಲಿ, ‘ಅಕನ ಮದುವೆ’. ಒತ್ತು ಅರ್ಧಕ್ಕೇ ಕತ್ತರಿಸಿ ಹೋಗಿರುತ್ತಿತ್ತು. ‘ಹಬ್ಬದ ಖರ್ಚು’ ಫೋಲ್ಡರ್‌ನದೂ ಅದೇ ಕಥೆ.

ಮಷೀನು ಸೆಕೆಂಡ್ ಹ್ಯಾಂಡ್, 4 ಜಿಬಿ ರ‍್ಯಾಮ್. ಹೊಸದಕ್ಕೆ ದುಡ್ಡಿರಲಿಲ್ಲ, ಅದಕ್ಕೇ ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಕೊಂಡೆ. ಪರದೆ ಮೇಲಿನ ವಿಂಡೋ, ಮೆನು, ಪ್ಯಾನೆಲ್ ಎಲ್ಲ ನೋಡಿಕೊಳ್ಳೋದು ಈ ಎಕ್ಸ್‌ಎಫ್‌ಸಿಇ. ಹಗುರ, ವೇಗ ಅಂತೆಲ್ಲ ನೀವು ಓದಿರುತ್ತೀರಿ, ಬಿಡಿ. ನನಗೆ ಹತ್ತಿದ್ದು ಅಲಂಕಾರದ ಹುಚ್ಚು. ಮೊದಲ ತಿಂಗಳು ದಿನಕ್ಕೊಂದು ಥೀಮ್. ಪಪೈರಸ್ ಐಕಾನ್ ಬಂತು, ಪ್ಯಾನೆಲ್ ಮೇಲಕ್ಕೆ ಹೋಯಿತು, ಕೆಳಗೆ ಪ್ಲ್ಯಾಂಕ್ ಅನ್ನೋ ಐಕಾನ್ ಸಾಲು ಕೂತಿತು.

ಒತ್ತು ಮಾತ್ರ ಬರಲಿಲ್ಲ. ಗುಬ್ಬಿ, ನವಿಲು, ನೋಟೋ, ಎಲ್ಲ ಫಾಂಟ್ ಹಾಕಿ ನೋಡಿದೆ. ಅಕ್ಷರ ಸಣ್ಣದು ಮಾಡಿದರೆ ಒತ್ತು ಇರುತ್ತದೆ, ನನ್ನ ಕಣ್ಣಿಗೆ ಕಾಣಲ್ಲ ಅಷ್ಟೆ. ಕೊನೆಗೆ ಗೊತ್ತಾಯಿತು, ಇಲ್ಲಿ ಟೈಟಲ್ ಬಾರ್ ಅಂದರೆ ಥೀಮ್ ಫೋಲ್ಡರ್‌ನ ಪುಟ್ಟ ಪುಟ್ಟ ಚಿತ್ರಗಳ ಜೋಡಣೆ. ಚಿತ್ರ ಎಷ್ಟು ಎತ್ತರವೋ ಪಟ್ಟಿ ಅಷ್ಟೇ. ಫಾಂಟ್ ದೊಡ್ಡದಾದರೂ ಅದು ಬೆಳೆಯಲ್ಲ. ಇಂಗ್ಲಿಷ್ ಅಕ್ಷರದ ಅಳತೆಗೆ ಹೊಲಿದ ಅಂಗಿ, ನಮ್ಮ ಒತ್ತಿಗೆ ಹೇಗೆ ಸಾಲುತ್ತೆ?

ಜೊತೆಗೇ ಬರುವ, ಒತ್ತೊತ್ತಾಗಿ ಪಿಕ್ಸೆಲ್ ಇರುವ ಪರದೆಗೆಂದು ಮಾಡಿದ ಡೀಫಾಲ್ಟ್-ಎಚ್‌ಡಿಪಿಐ ಥೀಮ್ ಹಾಕಿದರೆ ಪಟ್ಟಿ ಎತ್ತರವಾಗುತ್ತದೆ, ನಿಜ. ನನ್ನ 1366x768 ಪರದೆಗೆ ಅದು ಸ್ಕೂಟರ್‌ಗೆ ಟ್ರ್ಯಾಕ್ಟರ್ ಚಕ್ರ ಹಾಕಿದ ಹಾಗಿತ್ತು.

ಒಂದು ಭಾನುವಾರ ಚಿತ್ರ ತಿದ್ದುವ ಜಿಂಪ್ ತೆರೆದು ಕೂತೆ. ಪಟ್ಟಿಯ ತುಂಡುಗಳ ಹೆಸರು ಟೈಟಲ್-1ರಿಂದ ಟೈಟಲ್-5. ಒಂದೊಂದರಲ್ಲೂ ಎರಡು ಚಿತ್ರ, ಮುಂದಿರುವ ವಿಂಡೋಗೊಂದು, ಹಿಂದಿರುವುದಕ್ಕೊಂದು. ಆಮೇಲೆ ಮೇಲಿನ ಮೂಲೆಗಳು. ಎಲ್ಲವನ್ನೂ ಆರಾರು ಪಿಕ್ಸೆಲ್ ಎಳೆದೆ. ಸಂಜೆ ಹೊತ್ತಿಗೆ ಅಕ್ಕ ಅಕ್ಕನಾದಳು. ಆ ಖುಷಿ ಮೂರೇ ವಾರ. ನಾನು ತಿದ್ದಿದ್ದು ಸಿಸ್ಟಮ್ ಫೋಲ್ಡರ್‌ನಲ್ಲಿ. ಅಪ್‌ಡೇಟ್ ಬಂದು ಎಲ್ಲ ಗುಡಿಸಿಕೊಂಡು ಹೋಯಿತು. ತಪ್ಪು ನನ್ನದೇ. ಆದರೂ ಅವತ್ತು ಲಿನಕ್ಸೇ ಬೇಡ ಅನ್ನಿಸಿತ್ತು. ಎರಡನೇ ಸಲ ಹೋಮ್ ಫೋಲ್ಡರ್‌ನ ‘.ಥೀಮ್ಸ್’ ಒಳಗೆ ‘ಒತ್ತು’ ಅಂತ ಬೇರೆ ಹೆಸರಿಟ್ಟು ಉಳಿಸಿದೆ. ಇವತ್ತಿನವರೆಗೆ ಅದನ್ನು ಯಾವ ಅಪ್‌ಡೇಟೂ ಮುಟ್ಟಿಲ್ಲ.

ವಿಂಡೋ ಅಂಚು ಇನ್ನೂ ಕೂದಲೆಳೆಯಷ್ಟೇ ಸಣ್ಣ, ಮೌಸ್‌ಗೆ ಸಿಗೋದೇ ಇಲ್ಲ. ವಿಂಡೋ ಹಿಗ್ಗಿಸೋಕೆ, ಕುಗ್ಗಿಸೋಕೆ ಆಲ್ಟ್ ಒತ್ತಿ ಬಲ ಬಟನ್‌ನಲ್ಲಿ ಎಳೆಯೋದು ರೂಢಿಯಾಗಿದೆ.

ಇಷ್ಟೆಲ್ಲ ಬೈದರೂ ಇದನ್ನು ಬಿಡಲ್ಲ. ಕಾರಣ ಗಡಿಯಾರ. ಮೆನು ಇಂಗ್ಲಿಷ್‌ನಲ್ಲೇ ಇದೆ, ದಿನಾಂಕಕ್ಕೆ ಮಾತ್ರ ಕನ್ನಡ ಇಟ್ಟಿದ್ದೇನೆ. ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆರೆದರೆ ಬಲಮೂಲೆಯಲ್ಲಿ ‘ಶುಕ್ರವಾರ’, ಕ್ರ ಒತ್ತಿನ ಸಮೇತ. ಮೇಲ್ ನೋಡೋ ಮುಂಚೆ ಒಂದು ನಿಮಿಷ ಸುಮ್ನೆ ಅದನ್ನೇ ನೋಡ್ತಾ ಕೂರ್ತೀನಿ.

ಹೋದ ತಿಂಗಳು ಅಕ್ಕ ಬಂದಿದ್ದಳು. ಫೋಲ್ಡರ್ ತೆರೆದು ಅವಳ ಹೆಸರನ್ನೇ ತೋರಿಸಿದೆ. “ಫೋಟೋ ಯಾಕೋ ಇಷ್ಟು ಮಬ್ಬಾಗಿದೆ?” ಅಂದಳು.