ನರಗುಂದ 1858: ಕೂಡಿ ಬರೆಯುವ ಬಂಡಾಯದ ಕಥೆಗೆ ಗೂಗಲ್ ಶೀಟ್ಸ್, ಡಾಕ್ಸ್ ಎಷ್ಟು ಒಗ್ಗುತ್ತವೆ?

ಐದಾರು ಮಂದಿ ಒಂದೊಂದು ಪಾತ್ರ ಹಿಡಿದು, ಪಾಳಿ ಪ್ರಕಾರ ಬರೆಯುತ್ತ ಬೆಳೆಸುವ ಐತಿಹಾಸಿಕ ಕಥೆಗೆ ಹುಬ್ಬಳ್ಳಿ-ಧಾರವಾಡ, ಗದಗ ಕಡೆಯವರು ವಸ್ತು ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಬ್ರಿಟಿಷರ ವಿರುದ್ಧ ಎದ್ದ ನರಗುಂದದ ಬಂಡಾಯ ಇದೆ. ಯೋಜನೆಗೆ ದುಡ್ಡು ಕೊಟ್ಟು ಆ್ಯಪ್ ಕೊಳ್ಳುವುದೂ ಬೇಡ. ಪುಕ್ಕಟೆ ಸಿಗುವ ಗೂಗಲ್ ಶೀಟ್ಸ್ ಮತ್ತು ಡಾಕ್ಸ್ ಸಾಕು. ಆದರೆ ಎರಡೂ ಬೇಕು. ಎಲ್ಲವನ್ನೂ ಒಂದೇ ಡಾಕ್‌ಗೆ ತುರುಕಿದರೆ ಕಥೆ ಕೆಡುತ್ತದೆ.

ಇಂಥ ಕಥೆಯಲ್ಲಿ ಕೆಲವು ಸಂಗತಿಗಳನ್ನು ಯಾರೂ ಮುಟ್ಟುವಂತಿಲ್ಲ. ಮೇ 29ರ ರಾತ್ರಿ ಸುರೇಬಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪೊಲಿಟಿಕಲ್ ಏಜೆಂಟ್ (ಸಂಸ್ಥಾನಗಳ ಮೇಲೆ ಕಣ್ಣಿಡುವ ಅಧಿಕಾರಿ) ಮ್ಯಾನ್ಸನ್ ಹತ್ಯೆ, ಜೂನ್ 1ಕ್ಕೆ ಕೊಪ್ಪಳದಲ್ಲಿ ಬಂಡಾಯದ ಇನ್ನೊಬ್ಬ ಮುಂದಾಳು ಮುಂಡರಗಿ ಭೀಮರಾಯನ ಸಾವು, ಜೂನ್ 12ಕ್ಕೆ ಬೆಳಗಾವಿಯಲ್ಲಿ ನರಗುಂದದ ಅರಸ ಬಾಬಾಸಾಹೇಬರಿಗೆ ಗಲ್ಲು. ಡಾಕ್ಸ್‌ನಲ್ಲಿ ಅನುಮತಿ ಇಡೀ ಕಡತಕ್ಕೆ; ಎಡಿಟರ್ ಆದವರು ಯಾವ ಸಾಲನ್ನೂ ತಿದ್ದಬಹುದು. ಶೀಟ್ಸ್‌ನಲ್ಲಿ ಹಾಗಲ್ಲ. ಡೇಟಾ ಮೆನುವಿನ 'ಪ್ರೊಟೆಕ್ಟ್ ಶೀಟ್ಸ್ ಆ್ಯಂಡ್ ರೇಂಜಸ್' ಒತ್ತಿ, ಬೇಕಾದ ಸಾಲುಗಳಿಗಷ್ಟೇ ಬೀಗ ಹಾಕಬಹುದು. ಕಾಲಾನುಕ್ರಮಕ್ಕೆ ಶೀಟ್ಸ್ ಬೇಕೆನ್ನುವುದು ಈ ಒಂದು ಕಾರಣಕ್ಕೆ.

ಇಲ್ಲೊಂದು ದೊಡ್ಡ ತೊಡಕಿದೆ. DATE ಫಾರ್ಮುಲಾಕ್ಕೆ 1858 ಕೊಟ್ಟರೆ ಶೀಟ್ಸ್ ಅದಕ್ಕೆ 1900 ಕೂಡಿಸಿ 3758 ಮಾಡುತ್ತದೆ. 1899ರವರೆಗಿನ ಯಾವ ಇಸವಿಗೂ ಇದೇ ಗತಿ. ಅದಕ್ಕೇ ಮೊದಲು ದಿನಾಂಕದ ಕಾಲಮನ್ನು ಫಾರ್ಮ್ಯಾಟ್, ನಂಬರ್, 'ಪ್ಲೇನ್ ಟೆಕ್ಸ್ಟ್'ಗೆ ಬದಲಿಸಿ, ಆಮೇಲೆ 1858-05-29 ಎಂದು ವರ್ಷ ಮುಂದಿಟ್ಟು ಬರೆಯಿರಿ. ಸಾರ್ಟ್ ಮಾಡಿದಾಗ ಸಾಲು ತಪ್ಪುವುದಿಲ್ಲ.

ಕಾಲಮ್‌ಗಳು ಆರು ಸಾಕು: ದಿನಾಂಕ, ಊರು, ಯಾರ ಆಳ್ವಿಕೆ, ನಡೆದದ್ದು, ಬೆಳಕು, ಸುದ್ದಿ ಯಾವ ಊರಿಗೆ ಯಾವಾಗ ಮುಟ್ಟಿತು. ಆಳ್ವಿಕೆಯದು ಬೇಕೇಬೇಕು; ಆಗ ಧಾರವಾಡ ಕಂಪನಿಯದು, ನರಗುಂದ ಸಂಸ್ಥಾನ, ಕೊಪ್ಪಳ ನಿಜಾಮರ ಸೀಮೆ. ಬೆಳಕಿನ ಕಾಲಮ್ ಬಹಳ ಮಂದಿ ಬಿಡುತ್ತಾರೆ. ಸುರೇಬಾನದ ಆ ರಾತ್ರಿಯನ್ನು 'ಕಗ್ಗತ್ತಲು' ಎಂದು ಬರೆಯಲು ಕೈ ತುರಿಸುತ್ತದೆ, ಆದರೆ ಹುಣ್ಣಿಮೆ ಕಳೆದು ಒಂದೆರಡು ದಿನವಷ್ಟೇ ಆಗಿತ್ತು. ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆಲ್ಲ ಚಂದ್ರ ಏಳುತ್ತಾನೆ. ಮೋಡ ಕವಿಯದಿದ್ದರೆ ಕುದುರೆ ಸವಾರ ದೂರದಿಂದಲೇ ಕಾಣುತ್ತಾನೆ. ಹೊಂಚು ಹಾಕುವ ದೃಶ್ಯವನ್ನು ಇಷ್ಟೇ ಪೂರಾ ಬದಲಿಸಿಬಿಡುತ್ತದೆ.

ಸುದ್ದಿಯ ಕಾಲಮ್ ಅದಕ್ಕಿಂತ ಮುಖ್ಯ. ಹುಬ್ಬಳ್ಳಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಹಾಗಾಗಿ ಜೂನ್ 1ರ ಸಂಜೆ ನರಗುಂದದ ಪಾತ್ರಕ್ಕೆ ಭೀಮರಾಯ ಸತ್ತದ್ದು ಗೊತ್ತಿರುವ ಸಾಧ್ಯತೆ ತೀರ ಕಡಿಮೆ. ಬರೆಯುವವರಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ. ಕಥೆಗಳು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ.

ದೃಶ್ಯಗಳಿಗೆ ಡಾಕ್ಸ್. ದೃಶ್ಯಕ್ಕೊಂದು ಟ್ಯಾಬ್ ಮಾಡಿ. ಒಬ್ಬರ ಪಾತ್ರದ ಮಾತನ್ನು ಇನ್ನೊಬ್ಬರು ನೇರ ತಿದ್ದದೆ 'ಸಜೆಸ್ಟಿಂಗ್' ಮೋಡ್‌ನಲ್ಲೇ ಬರೆಯಬೇಕು. ಒಪ್ಪುವುದು ಬಿಡುವುದು ಆ ಪಾತ್ರ ಹಿಡಿದವರ ಹಕ್ಕು. ಈ ಸೌಲಭ್ಯ ನಿಜಕ್ಕೂ ಚೆನ್ನಾಗಿದೆ, ಅರ್ಧ ಜಗಳ ಇದರಿಂದಲೇ ತಪ್ಪುತ್ತದೆ. ಬಾಬಾಸಾಹೇಬರನ್ನಾಗಲಿ ಮ್ಯಾನ್ಸನ್‌ನನ್ನಾಗಲಿ ಯಾರಿಗೂ ಹಂಚಬೇಡಿ. ಅವರ ಗತಿ ಮೊದಲೇ ಗೊತ್ತಿರುವುದರಿಂದ ಬರೆಯುವವರಿಗೆ ಆಯ್ಕೆಯೇ ಉಳಿಯುವುದಿಲ್ಲ. ಕುಲಕರ್ಣಿ, ವಾಲೀಕಾರ, ಕಮ್ಮಾರ ಇಂಥವರನ್ನು ಕೊಡಿ. ಜನ ತಮ್ಮ ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ನಿಶ್ಶಸ್ತ್ರೀಕರಣ ಕಾಯ್ದೆ ಬಂದಾಗ ಆಯುಧ ಒಪ್ಪಿಸಬೇಕೋ ಹೂಳಬೇಕೋ ಎನ್ನುವುದು ಕಮ್ಮಾರನ ಮನೆ ಬಾಗಿಲಿಗೂ ಬರುವ ಪ್ರಶ್ನೆ.

ಕನ್ನಡದ ಮಟ್ಟಿಗೆ ಡಾಕ್ಸ್ ಪಾಸು, ಮೊದಲ ದರ್ಜೆಯಲ್ಲ. ಹಳೆಯ ನುಡಿ ಫಾಂಟಿನ ಕಡತದಿಂದ ನಕಲು ಮಾಡಿ ಅಂಟಿಸಿದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿ. ಹುಡುಕುವಾಗ 'ಭೀಮರಾಯ' ಕೊಟ್ಟರೆ 'ಭೀಮರಾವ್' ಸಿಗುವುದಿಲ್ಲ. ಹೆಸರುಗಳ ಕಾಗುಣಿತವನ್ನು ಶೀಟ್ಸ್‌ನ ಇನ್ನೊಂದು ಹಾಳೆಯಲ್ಲಿ ಮೊದಲ ದಿನವೇ ಗಟ್ಟಿ ಮಾಡಿ, ಅದಕ್ಕೂ ಬೀಗ ಹಾಕಿ.

ಹರಟೆಗೆ ವಾಟ್ಸ್‌ಆ್ಯಪ್ ಇರಲಿ, ತೀರ್ಮಾನಕ್ಕೆ ಬೇಡ. ಅಲ್ಲಿ ಕಳಿಸಿದ ಸಂದೇಶ ತಿದ್ದಲು 15 ನಿಮಿಷ ಮಾತ್ರ ಅವಕಾಶ, ನಾಳೆಗೆ ಅದು ನೂರು ಸಂದೇಶಗಳ ಕೆಳಗೆ ಸೇರಿರುತ್ತದೆ. ಒಪ್ಪಿದ್ದನ್ನು ಅಂದೇ ಶೀಟ್ಸ್‌ಗೆ ಸೇರಿಸಿ. ದೊಡ್ಡ ತಿರುವು ಬರೆಯುವ ಮುಂಚೆ ಡಾಕ್ಸ್‌ನ ವರ್ಷನ್ ಹಿಸ್ಟರಿಯಲ್ಲಿ 'ಕೋಟೆ ಬೀಳುವ ಮುನ್ನ' ಎಂದೋ ಏನೋ ಒಂದು ಹೆಸರು ಕೊಟ್ಟಿಡಿ. ಬರೆದದ್ದು ಗುಂಪಿಗೆ ಹಿಡಿಸದಿದ್ದರೆ ಆ ಹೆಸರಿಗೆ ಹೋಗಿ 'ರಿಸ್ಟೋರ್' ಒತ್ತಿದರಾಯಿತು.