‘ಜೆರೇನಿಯಂ’ ಎಂಬ ಲೇಬಲ್ ನಂಬಿ ಗಿಡ ಸಾಯಿಸಬೇಡಿ

ಕೆಂಪು ಹೂಗೊಂಚಲು ಹೊತ್ತ ಕುಂಡವೊಂದು ಮನೆಗೆ ಬರುತ್ತದೆ. ಲೇಬಲ್ಲಿನಲ್ಲಿ ‘ಜೆರೇನಿಯಂ’ ಎಂದಿದೆ. ತೋಟಗಾರಿಕೆಯ ಪುಸ್ತಕ ತೆಗೆದರೆ ‘ಜೆರೇನಿಯಂ ಬಹುವಾರ್ಷಿಕ, ಹಿಮಕ್ಕೆ ಜಗ್ಗುವುದಿಲ್ಲ, ಚಳಿಗಾಲದಲ್ಲಿ ನೆಲದಲ್ಲೇ ಇರಲಿ’ ಎಂದು ಬರೆದಿರುತ್ತದೆ. ಓದಿದವರು ಹಾಗೇ ಬಿಡುತ್ತಾರೆ. ಮೊದಲ ಹಿಮ ಬಿದ್ದ ಮರುದಿನ ಎಲೆಗಳು ಬೆಂದ ಸೊಪ್ಪಿನಂತೆ ಜೋತು ಬಿದ್ದಿರುತ್ತವೆ. ವಾರದೊಳಗೆ ಕಾಂಡ ಕಪ್ಪಾಗಿ, ಹಿಚುಕಿದರೆ ನೀರು ಬಿಡುವಷ್ಟು ಕೊಳೆತಿರುತ್ತದೆ. ಪುಸ್ತಕದ ತಪ್ಪಲ್ಲ. ಅದು ಹೇಳಿದ್ದು ಬೇರೆಯೇ ಗಿಡದ ಮಾತು, ಕುಂಡದಲ್ಲಿದ್ದದ್ದು ಪೆಲಾರ್ಗೋನಿಯಂ.

ಇದರ ತಿರುವುಮುರುವೂ ನಡೆಯುತ್ತದೆ. ನಿಜವಾದ ಜೆರೇನಿಯಂ ಕೊಂಡವರು ಚಳಿ ಬಂತೆಂದು ಅದನ್ನು ಅಗೆದು ಒಳಗೆ ತಂದು ಒಣಗಿಸುತ್ತಾರೆ. ಇಲ್ಲವೇ ಎಲೆಯೆಲ್ಲ ಬಾಡಿ ನೆಲಮಟ್ಟಕ್ಕೆ ಇಳಿದದ್ದನ್ನು ಕಂಡು ಸತ್ತಿತೆಂದು ಕಿತ್ತೆಸೆಯುತ್ತಾರೆ. ಮಣ್ಣಿನೊಳಗೆ ಬುಡದ ಮೊಗ್ಗುಗಳು ಜೀವಂತವಾಗಿಯೇ ಇದ್ದವು, ವಸಂತಕ್ಕೆ ಚಿಗುರುತ್ತಿದ್ದವು.

ಗೊಂದಲ ಹಳೆಯದು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಎರಡನ್ನೂ ಜೆರೇನಿಯಂ ಕುಲಕ್ಕೇ ಸೇರಿಸಿದ. 1789ರಲ್ಲಿ ಫ್ರಾನ್ಸಿನ ಲೆರಿಟಿಯೆ ಪೆಲಾರ್ಗೋನಿಯಂ ಅನ್ನು ಬೇರೆ ಮಾಡಿದ. ಅಷ್ಟರಲ್ಲಿ ಮಾರುವವರ ಬಾಯಿಗೆ ಹಳೆಯ ಹೆಸರು ಅಂಟಿಕೊಂಡಿತ್ತು, ಇನ್ನೂ ಬಿಟ್ಟಿಲ್ಲ. ಹೆಸರುಗಳ ಮೂಲ ಗ್ರೀಕಿನ ಹಕ್ಕಿಗಳು: ಜೆರೇನಿಯಂಗೆ ಸಾರಸ, ಪೆಲಾರ್ಗೋನಿಯಂಗೆ ಕೊಕ್ಕರೆ. ಎರಡರ ಕಾಯಿಯೂ ಕೊಕ್ಕಿನಂತೆ ಚೂಪಾಗಿರುವುದೇ ಕಾರಣ. ಕಾಯಿ ನೋಡಿ ಗುರುತಿಸುತ್ತೇನೆಂದರೆ ಅದಕ್ಕೇ ಕಷ್ಟ. ಹೂವನ್ನೂ ಕಾಂಡವನ್ನೂ ನೋಡಬೇಕು.

ಜೆರೇನಿಯಂ ಹೂವಿನ ಐದೂ ಎಸಳು ಒಂದೇ ಅಳತೆಯವು, ಚಕ್ರದಂತೆ ಸಮವಾಗಿ ಹರಡಿರುತ್ತವೆ. ಪೆಲಾರ್ಗೋನಿಯಂನಲ್ಲಿ ಮೇಲಿನ ಎರಡು ಎಸಳು ಒಂದು ರೀತಿ, ಕೆಳಗಿನ ಮೂರು ಇನ್ನೊಂದು ರೀತಿ. ಗಾತ್ರದಲ್ಲೋ ಗೆರೆ ಮಚ್ಚೆಯಲ್ಲೋ ವ್ಯತ್ಯಾಸ ಕಾಣುತ್ತದೆ. ಆದರೆ ಇಂದಿನ ಸಂಕರ ತಳಿಗಳಲ್ಲಿ ಎಸಳುಗಳನ್ನು ತಿದ್ದಿ ತೀಡಿ ಬಹುತೇಕ ಸಮ ಮಾಡಿಬಿಟ್ಟಿದ್ದಾರೆ. ಹಾಗಾಗಿ ಒಂಟಿ ಸುತ್ತಿನ ಹೂವೊಂದನ್ನು ಕಿತ್ತು, ಅದರ ತೊಟ್ಟನ್ನು ಹೂವಿನ ಬುಡಕ್ಕೆ ಹತ್ತಿರದಲ್ಲಿ ಬ್ಲೇಡಿನಿಂದ ಅಡ್ಡ ಕೊಯ್ದು ನೋಡಿ. ಒಂದು ಮಗ್ಗುಲಲ್ಲಿ ಸಣ್ಣ ತೂತು ಕಂಡರೆ ಅದು ಮಕರಂದದ ನಳಿಕೆ, ಗಿಡ ಪೆಲಾರ್ಗೋನಿಯಂ. ಜೆರೇನಿಯಂಗೆ ಅದಿಲ್ಲ. ಹೂವಿಲ್ಲದ ಕಾಲದಲ್ಲಿ ಕಾಂಡ ಮುಟ್ಟಿ. ಬೆರಳ ದಪ್ಪದ, ನೀರು ತುಂಬಿದ, ಹಳೆಯದಾದಂತೆ ಬುಡದಲ್ಲಿ ಕಟ್ಟಿಗೆಯಾಗುವ ಕಾಂಡವಾದರೆ ಪೆಲಾರ್ಗೋನಿಯಂ. ನೆಲದಿಂದಲೇ ಗುಂಪಾಗಿ ಏಳುವ ತೆಳು ತೊಟ್ಟುಗಳಾದರೆ ಜೆರೇನಿಯಂ. (ಅಪವಾದಗಳಿವೆ. ಮಡೈರಾ ದ್ವೀಪದ ಜೆರೇನಿಯಂ ಮಡೆರೆನ್ಸೆ ಹಿಮ ತಾಳದು; ಟರ್ಕಿ ಕಡೆಯ ಪೆಲಾರ್ಗೋನಿಯಂ ಎಂಡ್ಲಿಚೆರಿಯಾನಂ ತಾಳುತ್ತದೆ. ಇವೆರಡೂ ಸಾಮಾನ್ಯ ನರ್ಸರಿಯಲ್ಲಿ ಕಣ್ಣಿಗೆ ಬೀಳುವುದು ಅಪರೂಪ.)

ಇನ್ನು ಕೈ ಸುಟ್ಟುಕೊಳ್ಳುವ ಜಾಗಗಳು. ಪೆಲಾರ್ಗೋನಿಯಂ ಹೆಚ್ಚಾಗಿ ದಕ್ಷಿಣ ಆಫ್ರಿಕಾದ್ದು, ಬರವನ್ನು ಕಂಡ ಗಿಡ. ಮೇಲಿನ 2–3 ಸೆಂ.ಮೀ. ಮಣ್ಣು ಒಣಗದೆ ನೀರು ಕೊಡಬಾರದು, ಕುಂಡದ ತಟ್ಟೆಯಲ್ಲಿ ನೀರು ನಿಲ್ಲಬಾರದು. ಜೆರೇನಿಯಂನ ತೋಟದ ತಳಿಗಳನ್ನು ಹೀಗೆ ಒಣಗಿಸಿದರೆ ಎಲೆಯಂಚು ಸುಟ್ಟು ಹೂ ನಿಂತುಹೋಗುತ್ತದೆ. ಒಣ ನೆರಳು ತಾಳುವ ಮ್ಯಾಕ್ರೊರೈಝಂನಂಥ ಕೆಲವು ಜಾತಿ ಮಾತ್ರ ಬೇರೆ. ಪೆಲಾರ್ಗೋನಿಯಂನ ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕೆ, ಅಂಚು ಸುಟ್ಟಂತೆ ಕಂಡರೆ ತಕ್ಷಣ ಗೊಬ್ಬರ ಸುರಿಯಬೇಡಿ. ಮಣ್ಣಿನ ಪಿಎಚ್ 5.8ಕ್ಕಿಂತ ಕೆಳಗಿಳಿದಾಗ ಈ ಗಿಡ ಕಬ್ಬಿಣ, ಮ್ಯಾಂಗನೀಸನ್ನು ಅತಿಯಾಗಿ ಹೀರಿ ತನಗೇ ವಿಷ ಮಾಡಿಕೊಳ್ಳುತ್ತದೆ. 6.0ರಿಂದ 6.5ರ ನಡುವೆ ಇಡಿ.

ಕತ್ತರಿ ಹಾಕುವಾಗಿನ ತಪ್ಪು ಇನ್ನೂ ದುಬಾರಿ. ಮೊದಲ ಹೂವು ಮುಗಿದ ಮೇಲೆ ಜೆರೇನಿಯಂ ಅನ್ನು ನೆಲಮಟ್ಟಕ್ಕೆ ಕತ್ತರಿಸಿ ನೀರು ಕೊಟ್ಟರೆ ಕೆಲವೇ ವಾರಗಳಲ್ಲಿ ಹೊಸ ಎಲೆ ತುಂಬಿಕೊಳ್ಳುತ್ತದೆ. ಇದೇ ಸಲಹೆಯನ್ನು ಪೆಲಾರ್ಗೋನಿಯಂ ಮೇಲೆ ಪ್ರಯೋಗಿಸಿದರೆ ಗಿಣ್ಣಿಲ್ಲದ ಮೋಟು ಉಳಿದು ಕೊಳೆಯುತ್ತದೆ. ಅದನ್ನು ಚಳಿಗಾಲಕ್ಕೆ ಸುಮಾರು 10 ಸೆಂ.ಮೀ.ಗೆ, ಪ್ರತಿ ರೆಂಬೆಯಲ್ಲೂ ಗಿಣ್ಣುಗಳು ಉಳಿಯುವಂತೆ ಕತ್ತರಿಸಿ, 5–7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದ ಬೆಳಕಿನ ಜಾಗದಲ್ಲಿ, ಬಹುಮಟ್ಟಿಗೆ ಒಣಗಿಸಿಯೇ ಇಡಬೇಕು.

ಗಿಡ ಹೆಚ್ಚಿಸುವಾಗಲೂ ಅಷ್ಟೇ. ಪೆಲಾರ್ಗೋನಿಯಂ ಕಡ್ಡಿಯಿಂದ ಬರುತ್ತದೆ: ಹೂವಿಲ್ಲದ 8–10 ಸೆಂ.ಮೀ. ತುದಿ, ಗಿಣ್ಣಿನ ಕೆಳಗೇ ಕೊಯ್ತ, ಕೆಳಗಿನ ಎಲೆಯ ಜೊತೆಗೆ ಅದರ ಬುಡದ ಪುಟ್ಟ ಪೊರೆಗಳನ್ನೂ ತೆಗೆಯಬೇಕು (ಕೊಳೆ ಶುರುವಾಗುವುದು ಅಲ್ಲಿಂದಲೇ). ಕೊಯ್ದ ಬಾಯಿ ಒಣಗಲು ಕೆಲವು ಗಂಟೆ ಬಿಟ್ಟು ಅರ್ಧ ಪರ್ಲೈಟ್ (ಹಗುರವಾದ ಬಿಳಿ ಹರಳು) ಬೆರೆಸಿದ ಮಣ್ಣಿನ ಮಿಶ್ರಣಕ್ಕೆ ಊರಿ. ಪ್ಲಾಸ್ಟಿಕ್ ಚೀಲ ಮುಚ್ಚಲೇಬೇಡಿ. ಒಳಗಿನ ಆವಿಗೆ ಪಿಥಿಯಂ ಎಂಬ, ಬೂಷ್ಟಿನಂಥ ರೋಗಾಣು ಎದ್ದು ಕಡ್ಡಿಯ ಬುಡ ಕಪ್ಪಾಗುತ್ತದೆ, ಆಮೇಲೆ ಉಳಿಸುವ ದಾರಿಯಿಲ್ಲ. ಜೆರೇನಿಯಂ ಹೂಕಾಂಡ ಊರಿದರೆ ಸಾಮಾನ್ಯವಾಗಿ ಬೇರು ಬಿಡದು. ವಸಂತದಲ್ಲಿ ಬುಡವನ್ನೇ ಅಗೆದು, ಪ್ರತಿ ತುಂಡಿಗೂ ಒಂದು ಮೊಗ್ಗು, ಒಂದಿಷ್ಟು ಬೇರು ಬರುವಂತೆ ಬಿಡಿಸಿ ನೆಡಬೇಕು.

ಹೆಚ್ಚಿನವರಿಗೆ ತಿಳಿಯದೇ ತೋಟ ಕಳೆಯುವುದು ಇಲ್ಲಿ: ಎರಡನ್ನೂ ಒಟ್ಟಿಗೆ ಬೆಳೆಸುವಾಗ. ಕ್ಸ್ಯಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಕೊಳೆರೋಗ ಜೆರೇನಿಯಂ ಎಲೆಯಲ್ಲಿ ಬರೀ ಚುಕ್ಕೆಯಾಗಿ ನಿಲ್ಲುತ್ತದೆ, ಗಿಡ ಸಾಯುವುದಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ಅಲ್ಲಿಂದ ನೀರಿನ ಹನಿಯಲ್ಲಿ, ಕತ್ತರಿಯ ಬಾಯಲ್ಲಿ ಪಕ್ಕದ ಪೆಲಾರ್ಗೋನಿಯಂಗೆ ದಾಟಿದರೆ ಮೊದಲು 2–3 ಮಿ.ಮೀ. ಚುಕ್ಕೆ, ಆಮೇಲೆ ಎಲೆಯಂಚಿನಿಂದ ಒಳಕ್ಕೆ ತ್ರಿಕೋನದ ಹಳದಿ ಪಟ್ಟೆ, ಕೊನೆಗೆ ನೀರಿದ್ದರೂ ಇಡೀ ಗಿಡ ಬಾಡುವುದು. ಐವಿ ಬಳ್ಳಿಯಂಥ ಎಲೆಯ (ಪೆಲ್ಟೇಟಂ) ಪೆಲಾರ್ಗೋನಿಯಂ ತಳಿಗಳಲ್ಲಿ ಇದು ಪೋಷಕಾಂಶದ ಕೊರತೆಯಂತೆ ಮಾತ್ರ ಕಾಣುತ್ತದೆ. ಅವನ್ನು ಮೇಲೆ ತೂಗುಹಾಕಿ ಕೆಳಗೆ ಎಲೆಯಲ್ಲಿ ಉಂಗುರದಂಥ ಪಟ್ಟೆಯಿರುವ ಝೋನಲ್ ತಳಿಗಳನ್ನು ಜೋಡಿಸಿದರೆ ಮೇಲಿನ ಹನಿಯೇ ಕೆಳಗಿನವುಗಳ ಮೃತ್ಯು. ಸಿಂಪಡಿಸಿ ಗುಣಪಡಿಸುವ ಔಷಧಿ ಇಲ್ಲ. ಗಿಡವನ್ನು ಮಣ್ಣುಸಮೇತ ಚೀಲಕ್ಕೆ ಕಟ್ಟಿ ಹೊರಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್ಟಿನಲ್ಲಿ ಒರೆಸಿ. ನೀರನ್ನು ಎಲೆಯ ಮೇಲಲ್ಲ, ಬುಡಕ್ಕೇ ಹಾಕಿ.

ಸೊಳ್ಳೆ ಓಡಿಸುವ ಗಿಡವೆಂದು ಮಾರುವುದೂ ಒಂದು ಸುವಾಸನೆಯ ಪೆಲಾರ್ಗೋನಿಯಂ. ಸುಮ್ಮನೆ ಕಿಟಕಿಯಲ್ಲಿಟ್ಟರೆ ಅದು ಒಂದು ಸೊಳ್ಳೆಯನ್ನೂ ಓಡಿಸುವುದಿಲ್ಲ, ಅದರ ಎಲೆಯ ಮೇಲೆಯೇ ಸೊಳ್ಳೆ ಕೂತಿರುತ್ತದೆ. ಬೆಕ್ಕು ನಾಯಿ ಇರುವ ಮನೆಯಲ್ಲಿ ಅದನ್ನು ಎಟುಕದ ಎತ್ತರದಲ್ಲಿಡಿ, ಎಲೆ ತಿಂದರೆ ವಾಂತಿಯಾಗುತ್ತದೆ. ಕೊಳ್ಳುವಾಗ ಲೇಬಲ್ಲಿನಲ್ಲಿ ‘ಪೆಲಾರ್ಗೋನಿಯಂ’, ‘ಝೋನಲ್’, ‘ರೀಗಲ್’, ‘ಪೆಲ್ಟೇಟಂ’ ಇವುಗಳಲ್ಲಿ ಯಾವುದಿದ್ದರೂ ಹಿಮಕ್ಕೆ ಮೊದಲು ಒಳಗೆ ತನ್ನಿ. ಬರೀ ‘ಜೆರೇನಿಯಂ’ ಎಂದಿದ್ದರೆ ಅಲ್ಲೇ ನಿಂತು ಕಾಂಡ ಮುಟ್ಟಿ ನೋಡಿ.